ಇಂಜಿನ್ನಿನ ಬಾಣಂತನ

ಮೇಸ್ತ್ರಿಗೆ ಆಗಿದ್ದ ಸುಸ್ತನ್ನು ಮನೆಗಿಷ್ಟು ಅಂತ ಊರಿಗೆಲ್ಲ ಹಂಚಿದ್ದರೆ ವಾರಗಟ್ಟಲೆ ಒಬ್ಬರೂ ಬಾಗಿಲು ತೆಗೆಯುತ್ತಿರಲಿಲ್ಲ. ನಾಯಿಗಳು ಕೂಡ ಬೊಗಳುವುದನ್ನು ನಾಳೆಗೆ ಇಟ್ಟುಕೊಳ್ಳುತ್ತಿದ್ದವು. ಅದು ಮಲಗಿ ಎದ್ದರೆ ಹೋಗುವ ಸುಸ್ತಲ್ಲ. ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ ಟ್ರ್ಯಾಕ್ಟರ್ ಇಂಜಿನ್ನುಗಳನ್ನು ಎತ್ತಿ, ಇಳಿಸಿ, ಬಿಚ್ಚಿ, ಕಟ್ಟಿ, ಮೂಳೆಯ ಸಂದಿಯಲ್ಲಿ ಹಳೇ ಗ್ರೀಸಿನ ಹಾಗೆ ಗಟ್ಟಿಯಾಗಿ ಕೂತಿದ್ದ ಸುಸ್ತು.

ಅವನ ಬಲಭುಜದ ಸಂಗತಿಯಂತೂ ಕೇಳಲೇಬಾರದು. ಒಂದು ಕಾಲಕ್ಕೆ ಆ ಭುಜ ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನು ಬಳೆ ತೊಡಿಸಿದ ಹಾಗೆ ತೊಡಿಸುತ್ತಿತ್ತು. ಈಗ ಬಾಚಣಿಗೆ ತಲೆಯವರೆಗೆ ಹೋಗಬೇಕಾದರೆ ದಾರಿಯಲ್ಲಿ ಅಲ್ಲಲ್ಲಿ ನಿಂತು ದಣಿವಾರಿಸಿಕೊಳ್ಳಬೇಕಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಈ ಕೀಲಲ್ಲಿ ಸವೆಯೋದಕ್ಕೆ ಇನ್ನೇನೂ ಬಾಕಿ ಇಲ್ಲ. ಭಾರ ಎತ್ತಿದ್ರೆ ಕೈ ಮೇಲಿನ ಆಸೆ ಬಿಟ್ಬಿಡಿ" ಎಂದಿದ್ದರು. ಅದನ್ನು ಕೇಳಿದ ಮೇಸ್ತ್ರಿಯ ಹೆಂಡತಿ ಅವತ್ತೇ ಶೆಡ್ಡಿನಲ್ಲಿ ಇಂಜಿನ್ ಎತ್ತುವ ಚೈನ್ ಪುಲ್ಲಿಗೆ ಬೀಗ ಜಡಿಯಲು ಹೊರಟಿದ್ದಳು.

"ಇದೊಂದು ಇಂಜಿನ್ ಕಣೇ," ಎಂದು ಮೇಸ್ತ್ರಿ ಅಂಗಲಾಚಿದ್ದ. "ಅಕ್ಕನ ಮನೇದು. ಇದಾದ್ಮೇಲೆ ಬರೀ ಮೇಜಿನ ಮುಂದೆ ಕೂತು ಮಾಡೋ ಕೆಲಸ. ಪಂಪು, ನಾಜಲ್ಲು, ಅಷ್ಟೇ."

"ಅಕ್ಕನ ಮನೆ ಇಂಜಿನ್ ಅಂದ್ರೆ ಅದೇನು ಅರಳೇಲಿ ಮಾಡಿದ್ದಾ? ಭಾರ ಇರಲ್ವಾ?"

ಭಾರ ಇತ್ತು. ಆನೆ ಎತ್ತಲು ಬಂದಿದ್ದರೆ ಆನೆಯೇ ರಜೆ ಕೇಳುತ್ತಿತ್ತು. ಅಕ್ಕನ ಗಂಡ, ಅಂದರೆ ಮೇಸ್ತ್ರಿಯ ಭಾವ, ಆ ಟ್ರ್ಯಾಕ್ಟರನ್ನು ತನ್ನ ಮದುವೆಗಿಂತ ಮೊದಲೇ ಕೊಂಡವನು. ಮನೆಗೆ ಮೊದಲು ಬಂದವಳು ಈ ಟ್ರ್ಯಾಕ್ಟರೇ, ನೀನಲ್ಲ ಎಂದು ಅಕ್ಕನ ಮುಂದೆಯೇ ಹೇಳುತ್ತಿದ್ದ. ಅಂಥ ಟ್ರ್ಯಾಕ್ಟರಿನ ಇಂಜಿನ್ ಕೊನೆಗೊಂದು ದಿನ ಬೋರಿಗೆ ಬಂತು, ಅಂದರೆ ಒಳಗಿನದ್ದೆಲ್ಲ ಬಿಚ್ಚಿ ಹೊಸದು ಹಾಕುವ ಕಾಲ ಬಂತು. ಒಳಗೆಲ್ಲ ಸವೆದು, ಏರು ಹತ್ತಲಾರದೆ, ಕೆಮ್ಮುತ್ತ ನಿಂತಿತು. ಮೇಸ್ತ್ರಿ ಅದನ್ನು ಶೆಡ್ಡಿಗೆ ತಂದು, ಕೊನೆಯ ನಟ್ಟಿನವರೆಗೆ ಬಿಚ್ಚಿ, ಮೂರು ಸಿಲಿಂಡರಿನ ಒಳಗೋಡೆಗೂ ಹೊಸ ಲೈನರು, ಒಳಗೆ ಹೊಸ ಪಿಸ್ಟನ್ನು, ಅದರ ಸುತ್ತ ಹೊಸ ರಿಂಗು ಹಾಕಿದ. ಅಷ್ಟೂ ದಿನ ಭಾವ ಒಂದು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಇದ್ದ. ಆಪರೇಷನ್ ಥಿಯೇಟರಿನ ಒಳಗೇ ಬಂದು ಕೂತ ನೆಂಟನ ಹಾಗೆ.

"ಲೋ ಮೇಸ್ತ್ರಿ, ಆ ಬೋಲ್ಟನ್ನ ಅಷ್ಟು ಜೋರಾಗಿ ತಿರುಗಿಸ್ಬೇಡ್ವೋ, ಪಾಪ."

"ಭಾವ, ಅದು ಕಬ್ಬಿಣ."

"ಕಬ್ಬಿಣಕ್ಕೆ ಬಾಯಿಲ್ಲ ಅಂತ ಹೀಗೆ ಮಾಡೋದಾ?"

ಕೊನೆಗೆ ಇಂಜಿನ್ ಕೂತಿತು, ಸ್ಟಾರ್ಟೂ ಆಯಿತು. ಆ ಮೊದಲ ಸದ್ದಿಗೆ ಬೀದಿಯ ಪಾರಿವಾಳಗಳು ಎದ್ದು ಹೋದವು; ಅವುಗಳಲ್ಲಿ ಕೆಲವು ಇನ್ನೂ ವಾಪಸ್ಸು ಬಂದಿಲ್ಲ ಎನ್ನುವವರಿದ್ದಾರೆ. ಮೇಸ್ತ್ರಿ ಬಿಸಿ ಇಂಜಿನ್ನಿನ ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಕೈ ಒರೆಸಿಕೊಂಡು, ಹೇಳಬೇಕಾದ್ದನ್ನು ಹೇಳಿದ.

"ಭಾವ, ಕೇಳಿ. ನಾಳೆಯಿಂದ್ಲೇ ನೇಗಿಲು ಕಟ್ಟಿ ಹೊಲಕ್ಕೆ ಇಳಿಸಿ. ಸುಮ್ನೆ ನಿಲ್ಲಿಸಿ ಓಡಿಸ್ಬೇಡಿ. ಹೊಸ ರಿಂಗು, ಹೊಸ ಲೈನರು, ಎರಡಕ್ಕೂ ಪರಿಚಯ ಇಲ್ಲ. ಒಂದಕ್ಕೊಂದು ಉಜ್ಜಿ ಒಗ್ಗಬೇಕು. ಭಾರ ಎಳೆದ್ರೇನೇ ಉಜ್ಜೋದು. ದುಡಿಸಿ."

"ದುಡಿಸ್ತೀನಿ, ದುಡಿಸ್ತೀನಿ," ಎಂದ ಭಾವ, ಬಾನೆಟ್ಟಿನ ಮೇಲಿನ ಬೆರಳ ಗುರುತನ್ನು ಅಂಗಿಯ ತುದಿಯಿಂದ ಒರೆಸುತ್ತ.

ಬೋರ್ ಮಾಡಿದ ಇಂಜಿನ್ನಿನ ಜೊತೆ ಮೊದಲ ದಿನ ತಾನೇ ಹೊಲಕ್ಕೆ ಹೋಗುವುದು, ಮಡ್‌ಗಾರ್ಡಿನ ಮೇಲೆ ಕೂತು ಅದರ ಉಸಿರು ಕೇಳುತ್ತ ದುಡಿಸಿ ಬರುವುದು ಮೇಸ್ತ್ರಿಯ ಪದ್ಧತಿ. ಹೆಣ್ಣು ಕೊಟ್ಟವರು ಒಂದು ದಿನ ಜೊತೆಗಿದ್ದು ಬರುವ ಹಾಗೆ. ಆವರೆಗೆ ಒಂದು ಇಂಜಿನ್ನಿಗೂ ಅದು ತಪ್ಪಿರಲಿಲ್ಲ. ಆದರೆ ಅವತ್ತು ಭುಜದೊಳಗೆ ಯಾರೋ ಕುಲುಮೆ ಹಚ್ಚಿದ್ದರು. ಭಾವ ಗೇಟು ದಾಟುತ್ತಲೇ ಮೇಸ್ತ್ರಿ ಮನೆಗೆ ಹೋಗಿ ಮಲಗಿದ. ಹಾಸಿಗೆಯ ಮೇಲೆ ಅವನ ಅಚ್ಚು ಬಿತ್ತು. ಒಗೆದರೂ ಹೋಗಲಿಲ್ಲವೆಂದು ಹೆಂಡತಿ ಆಣೆ ಮಾಡಿ ಹೇಳುತ್ತಾಳೆ.

ವಾರ ಕಳೆದ ಮೇಲೆ ಅವನನ್ನು ಎಬ್ಬಿಸಿದ್ದು ಅಕ್ಕನ ಫೋನು.

"ಲೋ ತಮ್ಮಾ, ಬದುಕಿದೀಯೇನೋ? ನಿನ್ನ ಇಂಜಿನ್ನು ಹೊಗೆ ಬಿಡ್ತಿದೆ. ನೀಲಿ ಹೊಗೆ. ಒಣಗಿಸಿದ ಬಟ್ಟೆ ಎಲ್ಲ ನೀಲಿ ಹಾಕ್ದಂಗೆ ಆಗಿದೆ, ವಾಸನೆ ಮಾತ್ರ ಬೇರೆ."

"ಉಳೋವಾಗ ಬಿಡುತ್ತಾ? ಖಾಲಿ ಬರೋವಾಗ್ಲೂ ಬಿಡುತ್ತಾ?"

"ಉಳೋದಾ? ಯಾರು ಉತ್ರು? ಮನೆ ಬಿಟ್ಟು ಹೋಗಿದ್ರೆ ತಾನೇ?"

ಮೇಸ್ತ್ರಿ ಎದ್ದು ಅಂಗಿ ಹಾಕಿಕೊಂಡ. ಬಲಗೈ ತೋಳಿನೊಳಗೆ ಹೋಗಲು ಒಪ್ಪದೆ ಸತಾಯಿಸಿತು. ಹೆಂಡತಿ ಏನೂ ಮಾತಾಡದೆ ಗುಂಡಿ ಹಾಕಿದಳು. ಅವಳು ಮಾತಾಡದಿದ್ದಾಗ ಮನೆಯ ಪಾತ್ರೆಗಳು ಕೂಡ ಹೆದರಿ ಒಂದಕ್ಕೊಂದು ಆತುಕೊಳ್ಳುತ್ತಿದ್ದವು.

ಅಕ್ಕನ ಅಂಗಳದಲ್ಲಿ ಕಂಡ ನೋಟವನ್ನು ಬೇರೆ ಯಾರಾದರೂ ಹೇಳಿದ್ದರೆ ಮೇಸ್ತ್ರಿ ನಂಬುತ್ತಿರಲಿಲ್ಲ. ಬಿಸಿಲು ತಾಕದ ಹಾಗೆ ಕಟ್ಟಿದ ಟಾರ್ಪಾಲಿನ ಕೆಳಗೆ ಟ್ರ್ಯಾಕ್ಟರು ನಿಂತಿತ್ತು. ಬಾನೆಟ್ಟಿನ ಮೇಲೆ ಹೊಚ್ಚಹೊಸ ಕಂಬಳಿ. ಗಾಳಿ ಬೀಸದ ಹಾಗೆ ಮುಂದುಗಡೆ ಗೋಣಿಚೀಲದ ಪರದೆ. ಇಂಜಿನ್ನು ಅತಿ ನಿಧಾನದ ಓಟದಲ್ಲಿ, ಅಜ್ಜಿ ತೂಕಡಿಸುತ್ತ ಮಣಿ ಎಣಿಸಿದ ಹಾಗೆ, ಟಕ್... ಟಕ್... ಟಕ್... ಎನ್ನುತ್ತಿತ್ತು. ಪಕ್ಕದಲ್ಲಿ ಭಾವ ಕೂತಿದ್ದ; ಬೀಸಣಿಗೆ ಒಂದು ಬೀಸುತ್ತಿರಲಿಲ್ಲ ಅಷ್ಟೇ.

"ಬಂದ್ಯಾ? ಮೆಲ್ಲಗೆ ಮಾತಾಡು," ಎಂದ ಭಾವ.

"ಏನ್ರೀ ಭಾವ ಇದು?"

"ಒಗ್ಗಲಿ ಅಂತ ಓಡಿಸ್ತಿದೀನಿ. ಬೆಳಿಗ್ಗೆಯಿಂದ ಸಂಜೆವರೆಗೂ, ದಿನಾ. ಒಂದು ದಿನಾನೂ ರೇಸ್ ಕೊಟ್ಟಿಲ್ಲ, ನಿನ್ನಾಣೆ. ಅಷ್ಟು ದೊಡ್ಡ ಆಪರೇಷನ್ ಆಗಿದೆ. ಹಸಿ ಬಾಣಂತಿನ ಯಾರಾದ್ರೂ ಹೊಲಕ್ಕೆ ಕಳಿಸ್ತಾರೇನೋ?"

ಮೇಸ್ತ್ರಿ ಇಂಜಿನ್ನಿನ ಪಕ್ಕಕ್ಕೆ ಹೋದ. ಸೈಲೆನ್ಸರಿನ ಬುಡದಿಂದ ಕಪ್ಪು ಜೊಲ್ಲು ಇಳಿದು ಇಂಜಿನ್ನಿನ ಪಕ್ಕೆಯನ್ನೆಲ್ಲ ತೋಯಿಸಿತ್ತು. ಬೆರಳಿಗೆ ಹಚ್ಚಿ ಮೂಸಿದ. ಸುಡದೆ ಉಳಿದ ಆಯಿಲ್. ಆಯಿಲ್ ತುಂಬುವ ಮುಚ್ಚಳ ತೆಗೆದು ತೂತಿನ ಮೇಲೆ ಅಂಗೈ ಇಟ್ಟ. ಒಳಗಿನಿಂದ ಬಿಸಿ ಏದುಸಿರು ಅಂಗೈಯನ್ನು ತಳ್ಳಿತು, ಓಡಿ ಬಂದವನ ಬಾಯಿ ಮುಚ್ಚಿದ ಹಾಗೆ. ಮೇಸ್ತ್ರಿಗೆ ಕೂತುಬಿಡಬೇಕೆನಿಸಿತು. ಕೂತ. ಮುಂದಿನ ಚಕ್ರಕ್ಕೆ ಒರಗಿ, ಮಣ್ಣಿನ ಮೇಲೆ.

"ಕನ್ನಡಿ ಮಾಡಿಬಿಟ್ರಿ ಭಾವ."

"ಏನು ಕನ್ನಡಿ?"

"ಲೈನರ್ ಒಳಗೆ ನಾನು ಉಪ್ಪುಕಾಗದದಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಗೆರೆ ಬಿಟ್ಟಿರ್ತೀನಿ. ಆ ತರಿ ಮೇಲೆ ರಿಂಗು ಉಜ್ಜಿ ಉಜ್ಜಿ ಹಿಡ್ಕೊಬೇಕು. ಭಾರ ಇಲ್ದೆ ಹೀಗೆ ತೂಗ್ತಾ ಕೂತ್ರೆ ಆಯಿಲ್ಲು ಬೆಂದು ಬೆಂದು ಗಾಜಿನ ಹಾಗೆ ಕೂರುತ್ತೆ. ಅದರ ಮೇಲೆ ರಿಂಗು ಜಾರುತ್ತೆ, ಹಿಡಿಯಲ್ಲ. ಒಳಗಿನ ಉಸಿರು ಕೆಳಗೆ ಸೋರುತ್ತೆ, ಆಯಿಲ್ಲು ಮೇಲೆ ನುಗ್ಗುತ್ತೆ. ಅದೇ ನಿಮ್ಮ ನೀಲಿ ಹೊಗೆ."

ಭಾವನ ಮುಖ ಕೆಂಪಾಯಿತು. ತಪ್ಪು ಒಪ್ಪಿಕೊಳ್ಳುವುದೆಂದರೆ ಅವನ ವಂಶದಲ್ಲೇ ಇರಲಿಲ್ಲ. ಅವನಜ್ಜ ಬಾವಿಗೆ ಬಿದ್ದವನು, ಬಾವಿ ತಪ್ಪು ಜಾಗದಲ್ಲಿದೆ ಎಂದು ಒಳಗಿನಿಂದಲೇ ವಾದ ಮಾಡಿದ್ದನಂತೆ.

"ಅಕ್ಕರೆಯಿಂದ ನೋಡ್ಕೊಂಡ್ರೆ ಕೆಡುತ್ತಾ? ಯಾವ ಶಾಸ್ತ್ರದಲ್ಲಿದೆಯೋ? ನಿನ್ನ ಕೆಲಸದಲ್ಲೇ ಏನೋ ಐಬು. ಭುಜ ನೋವು ಅಂತ ಎಡಗೈಲಿ ಬಿಗಿದ್ಯಲ್ಲ, ಅದಕ್ಕೇ."

ಅದು ಚುಚ್ಚಿತು. ಯಾಕೆಂದರೆ ಊರೂ ಅದನ್ನೇ ಹೇಳುವುದಿತ್ತು. ಮೇಸ್ತ್ರಿಗೆ ಕಣ್ಣೆದುರು ಮೊದಲಿಗೆ ಎರಡೇ ದಾರಿ ಕಂಡವು. ಒಂದು, ಮತ್ತೆ ಎಲ್ಲ ಬಿಚ್ಚುವುದು. ಹೆಡ್ ಇಳಿಸಬೇಕು, ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿ ಮೇಲಕ್ಕೆ ಕೈ ಎತ್ತಿ ಆಯಿಲ್ ಚೇಂಬರ್ ಬಿಚ್ಚಬೇಕು, ಪಿಸ್ಟನ್ ತಳ್ಳಬೇಕು. ಆ ಕೈ ಅಲ್ಲಿಂದ ಮತ್ತೆ ಇಳಿಯುವ ಭರವಸೆ ಇರಲಿಲ್ಲ. ಇನ್ನೊಂದು, ಹೀಗೇ ಬಿಟ್ಟುಬಿಡುವುದು. ಆಗ ಅವನ ಕೈಯ ಕೊನೆಯ ಇಂಜಿನ್ನು ನೀಲಿ ಹೊಗೆಯ ಬಾವುಟ ಹಾರಿಸುತ್ತ ರಸ್ತೆರಸ್ತೆಯಲ್ಲಿ ಓಡಾಡುತ್ತದೆ. ಇಷ್ಟು ವರ್ಷ ಮಾಡಿದ ನೂರಾರು ಇಂಜಿನ್ನು ಮರೆತು ಜನ ಅದೊಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಇನ್ನೊಬ್ಬ ಮೇಸ್ತ್ರಿಯ ಕೈಗೆ ಕೊಡುವ ಮಾತೇ ಇಲ್ಲ. ತಾನು ಕಟ್ಟಿದ ಇಂಜಿನ್ನನ್ನು ಇನ್ನೊಬ್ಬ ಬಿಚ್ಚಿ ನೋಡುವುದೆಂದರೆ, ತಾನು ಮನೆಯಲ್ಲಿಲ್ಲದಾಗ ನೆರೆಯವರು ಬಂದು ಬೀರು ತೆರೆದಂತೆ.

ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಪೂರ್ತಿ ಕೆಟ್ಟೋಯ್ತೇನೋ? ಇಲ್ಲಾ ಇನ್ನೂ ದಾರಿ ಇದೆಯಾ?"

"ಗಾಜು ತೆಳ್ಳಗಿದ್ರೆ ಇವತ್ತೇ ಬೆನ್ನು ಮುರಿಯೋ ಹಾಗೆ ದುಡಿಸಿ ಒಡೀಬಹುದು. ದಪ್ಪ ಆಗಿದ್ರೆ ಇಲ್ಲ. ದುಡಿಸಿದ್ರೇನೇ ಗೊತ್ತಾಗೋದು."

"ಸರಿ, ನೇಗಿಲು ಕಟ್ಟಿ," ಎಂದಳು ಅಕ್ಕ ಗಂಡನಿಗೆ. "ಮೊದ್ಲು ಆ ಕಂಬಳಿ ಕೊಡಿ ಇಲ್ಲಿ. ನನಗೆ ಮಕ್ಕಳಾದಾಗ ಒಂದು ಕಾಲಲ್ಲಿ ತೊಟ್ಟಿಲು ತೂಗ್ತಾ ಪಾತ್ರೆ ತಿಕ್ಕಿದೀನಿ. ಆಗೆಲ್ಲಿತ್ತು ರೀ ನಿಮ್ಮ ಕಂಬಳಿ?"

"ಆಗ ಈ ಕಂಬಳಿ ಇರ್ಲಿಲ್ಲ ಕಣೇ. ಮೊನ್ನೆ ತಂದಿದ್ದಲ್ವಾ?"

"ಗೊತ್ತು. ನನಗೆ ಹೊದ್ಕೊಳ್ಳೋಕೆ ಅಂತ ತಂದಿದ್ದು!"

ಮನೆಯ ಹಿಂದಿನ ಹೊಲ ಬೆಳೆ ತೆಗೆದ ಮೇಲೆ ಉಳದೆ ಬಿಟ್ಟದ್ದು, ಕಾಲಿಟ್ಟರೆ ಕಾಲಿಗೇ ಪೆಟ್ಟಾಗುವಷ್ಟು ಗಟ್ಟಿಯಾಗಿತ್ತು. ಭಾವ ಸೀಟಿನಲ್ಲಿ, ಮೇಸ್ತ್ರಿ ಮಡ್‌ಗಾರ್ಡಿನ ಮೇಲೆ. ನೇಗಿಲು ಇಳಿಯಿತು. ಇಂಜಿನ್ನು ಮೊದಲ ಸಲ ಭಾರ ಕಂಡು, "ಹ್ಞೂಂ..." ಎಂದು ನರಳಿತು. ಅಷ್ಟೇ. ಭಾವನ ಕೈ ತಾನಾಗಿಯೇ ಲಿವರಿಗೆ ಹೋಗಿ ನೇಗಿಲನ್ನು ಎತ್ತಿಬಿಟ್ಟಿತು.

"ಇಳಿಸಿ ಭಾವ."

"ಇಳಿಸ್ದೆ."

ಮತ್ತೆ ನರಳಿಕೆ. ಮತ್ತೆ ನೇಗಿಲು ಮೇಲೆ. ಒಂದು ಸಾಲು ಮುಗಿಯುವಷ್ಟರಲ್ಲಿ ಭಾವ ಬೆವರಿ ನೀರಾಗಿದ್ದ, ಇಂಜಿನ್ನು ತಣ್ಣಗೇ ಇತ್ತು. ಹಿಂತಿರುಗಿ ನೋಡಿದರೆ ನೆಲದ ಮೇಲೆ ಕೋಳಿ ಕೆದರಿದಷ್ಟು ಗುರುತು. ಅದು ಉತ್ತದ್ದಲ್ಲ, ಹೊಲಕ್ಕೆ ತಲೆ ಬಾಚಿದ್ದು.

"ನನ್ನ ಕೈಲಾಗಲ್ಲ ಕಣೋ," ಎಂದ ಭಾವ ಸಣ್ಣ ದನಿಯಲ್ಲಿ. "ಅದು ಅಳುತ್ತೆ."

ಬದುವಿನ ಮೇಲೆ ನಿಂತಿದ್ದ ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಬಂದೇಬಿಟ್ಟಳು. "ಇಳೀರಿ ಕೆಳಗೆ. ಅಳೋರನ್ನ ಸಾಕಿ ನನಗೆ ಅಭ್ಯಾಸ ಇದೆ."

ಸುಗ್ಗಿಯಲ್ಲಿ ಟ್ರೇಲರು ಓಡಿಸಿದ ಕೈ ಅದು. ಸ್ಟೇರಿಂಗ್ ಅವಳಿಗೆ ಹೊಸದಲ್ಲ. ಮೇಸ್ತ್ರಿಗೆ ತಾನೇ ಓಡಿಸಬೇಕೆಂದಿತ್ತು, ಆದರೆ ಆ ಹಳೇ ಸ್ಟೇರಿಂಗನ್ನು ತಿರುಗಿಸುವುದೆಂದರೆ ಹಟಮಾರಿ ಎತ್ತಿನ ಕೊಂಬು ಹಿಡಿದು ತಿರುಗಿಸಿದ ಹಾಗೆ. ಹಾಗಾಗಿ ಅಕ್ಕ ತಿರುಗಿಸುವುದು, ತಮ್ಮ ಮಡ್‌ಗಾರ್ಡಿನ ಮೇಲೆ ಕೂತು ಎಡಗೈಯಲ್ಲಿ ಲಿವರು ನೋಡಿಕೊಳ್ಳುವುದು ಎಂದಾಯಿತು. ಭಾವ ಬದುವಿನ ಮೇಲೆ ಹೋಗಿ, ಹೊಲಕ್ಕೆ ಬೆನ್ನು ಹಾಕಿ, ಎರಡೂ ಕಿವಿಗೆ ಬೆರಳಿಟ್ಟು ನಿಂತ.

ಮೇಸ್ತ್ರಿ ನೇಗಿಲನ್ನು ಆಳಕ್ಕೆ ಬಿಟ್ಟ. ಇಂಜಿನ್ನು ನರಳಿತು, ಗೊಣಗಿತು, ಆಮೇಲೆ ಬಾಯಿಬಿಟ್ಟು ಅರಚಿತು. ಎದ್ದ ಹೊಗೆಗೆ ಹಾರುವ ಕಾಗೆಗಳು ಸಂಜೆಯಾಯಿತೆಂದು ಗೂಡಿಗೆ ತಿರುಗಿದವು. ಪಕ್ಕದ ಹೊಲದವನು ಯಾರ ಮನೆಗೋ ಬೆಂಕಿ ಬಿದ್ದಿದೆ ಎಂದು ಕೊಡ ಹಿಡಿದು ಓಡಿಬಂದು, ವಿಷಯ ತಿಳಿದು, ಆ ನೀರನ್ನು ತಾನೇ ಕುಡಿದು ಹೋದ.

"ಸಾಕೇನೋ?" ಎಂದು ಅಕ್ಕ ಕೂಗಿದಳು.

"ಇಲ್ಲ! ಇನ್ನೂ ಒತ್ತು!"

ಸಾಲಿನ ತುದಿಯಲ್ಲಿ ನೇಗಿಲು ಎತ್ತಿ ಒಂದು ಉಸಿರು ಬಿಡುವುದು, ತಿರುಗಿ ಮತ್ತೆ ಆಳಕ್ಕೆ ಇಳಿಸುವುದು. ಬಿಸಿಯ ಮುಳ್ಳು ಮೇಲೇರಿದರೆ ಗೇರು ಬದಲಿಸುವುದು, ಇಳಿದರೆ ಮತ್ತೆ ಒತ್ತುವುದು. ಒಂದೊಂದು ಹೆಂಟೆ ಹಾರಿದಾಗಲೂ ಮಡ್‌ಗಾರ್ಡು ಮೇಸ್ತ್ರಿಯನ್ನು ಎತ್ತಿ ಕುಕ್ಕುತ್ತಿತ್ತು, ಒಂದೊಂದು ಕುಕ್ಕಿಗೂ ಭುಜ ತನ್ನ ಲೆಕ್ಕ ಒಪ್ಪಿಸುತ್ತಿತ್ತು. ಮಧ್ಯಾಹ್ನ ಇಳಿಯಿತು. ನಡುವೆ ಒಂದು ಹೊತ್ತಿನಲ್ಲಿ ಮೇಸ್ತ್ರಿಗೆ ಕಣ್ಣು ತೆರೆದಿರುವಂತೆಯೇ ನಿದ್ದೆ ಬಂತು. ಕನಸಿನಲ್ಲೂ ಅವನು ಇದೇ ಮಡ್‌ಗಾರ್ಡಿನ ಮೇಲೇ ಕೂತಿದ್ದ. ನಿದ್ದೆ ಮಾಡಿಯೂ ಸುಖ ಇಲ್ಲದ ಜನ್ಮ ಇದು ಎಂದುಕೊಂಡ.

ಹೊಗೆ ತೆಳುವಾಗುತ್ತಿದೆ ಎಂದು ಮೊದಲು ಕಂಡವಳು ಅಕ್ಕ. "ಲೋ, ಬದುವಿನ ಮೇಲೆ ನಿಂತಿರೋ ನಿನ್ನ ಭಾವ ಕಾಣ್ತಿದಾರೆ ನೋಡೋ. ಆಗಿನಿಂದ ಕಾಣ್ದೆ ನೆಮ್ಮದಿಯಾಗಿತ್ತು."

ಮೇಸ್ತ್ರಿ ನಿಲ್ಲಿಸಲು ಹೇಳಿದ. ಇಂಜಿನ್ನು ಓಡುತ್ತಿರುವಂತೆಯೇ ಇಳಿದು ಆಯಿಲ್ ತೂತಿನ ಮೇಲೆ ಅಂಗೈ ಇಟ್ಟ. ಏದುಸಿರು ಬಹಳ ತಗ್ಗಿತ್ತು. ಪೂರ್ತಿ ನಿಂತಿರಲಿಲ್ಲ. ಸೈಲೆನ್ಸರಿನ ಬಾಯಲ್ಲಿ ಇನ್ನೂ ಒಂದೆಳೆ ನೀಲಿ, ಆಗಾಗ, ಬಿಕ್ಕಳಿಕೆಯ ಹಾಗೆ.

ಎಲ್ಲಿಂದ ಎಂದು ನೋಡಬೇಕಿತ್ತು. ಸ್ಪ್ಯಾನರು ಹಿಡಿದು ಮುಂದಿನ ಸಿಲಿಂಡರಿಗೆ ಹೋಗುವ ಡೀಸೆಲ್ ಪೈಪಿನ ನಟ್ಟು ಸಡಿಲಿಸಿದ. ಆ ಸಿಲಿಂಡರು ಮಲಗಿತು, ಇಂಜಿನ್ನು ಕುಂಟಿತು, ನೀಲಿ ಎಳೆ ಹಾಗೇ ಇತ್ತು. ಬಿಗಿದ. ನಡುವಿನದ್ದನ್ನು ಸಡಿಲಿಸಿದ. ನೀಲಿ ಹಾಗೇ ಇತ್ತು. ಹಿಂದಿನದ್ದನ್ನು ಸಡಿಲಿಸಿದ. ನೀಲಿ ನಿಂತಿತು. ಬಿಗಿದರೆ ಮತ್ತೆ ಬಂತು.

ಎರಡು ಒಗ್ಗಿದ್ದವು. ಒಂದು ಒಗ್ಗಿರಲಿಲ್ಲ.

ಮೇಸ್ತ್ರಿ ಇಂಜಿನ್ ಆರಿಸಲು ಹೇಳಿದ. ಹೊಲದ ತುಂಬ ಮೌನ ದಪ್ಪಗೆ ಬಂದು ಬಿತ್ತು. ಒಂದೇ ಸಿಲಿಂಡರು. ಆದರೆ ಒಂದನ್ನು ತೆಗೆಯಬೇಕಾದರೂ ಹೆಡ್ಡು ಪೂರ್ತಿ ಇಳಿಯಲೇಬೇಕು, ಟ್ರ್ಯಾಕ್ಟರಿನ ಕೆಳಗೆ ಮಲಗಲೇಬೇಕು. ಒಂದು ಹಲ್ಲು ಕೀಳಲು ಮನೆಯ ಮಾಡು ಬಿಚ್ಚಿದ ಹಾಗೆ. ಅವನು ಬಲಗೈಯನ್ನು ಎತ್ತಿ ನೋಡಿದ. ಎದೆಯವರೆಗೆ ಬಂತು. ಅಲ್ಲಿಂದ ಮೇಲೆ ಅವನ ಮಾತು ನಡೆಯುತ್ತಿರಲಿಲ್ಲ.

"ಹಿಂದಿನದು ಹಿಡ್ದಿಲ್ಲ," ಎಂದ, ಯಾರ ಮುಖವನ್ನೂ ನೋಡದೆ. "ನಾಳೆ ಶೆಡ್ಡಿಗೆ ತನ್ನಿ. ಬಿಚ್ತೀನಿ."

"ಬಿಚ್ತೀಯಾ? ಆ ಕೈಲಿ?" ಎಂದಳು ಅಕ್ಕ.

"ಮತ್ತೇನು ಮಾಡ್ಲಿ? ಹೊಗೆ ಬಿಟ್ಕೊಂಡು ಊರೆಲ್ಲ ಸುತ್ತಲಿ ಅಂತೀಯಾ? ನೋಡಿದೋರು ಏನಂತಾರೆ? ಕೊನೇ ಇಂಜಿನ್ನು ಕೆಡಿಸಿ ಹೋದ ಅಂತಾರೆ."

ಭಾವ ಬದುವಿನಿಂದ ಇಳಿದು ಬಂದಿದ್ದ. ಕಿವಿಯಿಂದ ಬೆರಳು ತೆಗೆದಿದ್ದ. ಬಾನೆಟ್ಟಿನ ಮೇಲೆ ಕೂತಿದ್ದ ಧೂಳನ್ನು ನೋಡಿದ, ಒರೆಸಲಿಲ್ಲ. ಮೇಸ್ತ್ರಿಯ ಎದೆಯ ಹತ್ತಿರ ನಿಂತುಹೋದ ಕೈಯನ್ನು ನೋಡಿದ.

"ಬಿಚ್ಚೋದು ಬೇಡ," ಎಂದ.

"ನಿಮಗೆ ಗೊತ್ತಾಗಲ್ಲ ಭಾವ. ಆಯಿಲ್ಲು ತಿನ್ನುತ್ತೆ ಅದು. ಆಗಾಗ ತುಂಬಿಸ್ತಾ ಇರಬೇಕು."

"ತುಂಬಿಸ್ತೀನಿ. ನನಗೂ ಹಿಂದಿನ ದವಡೆ ಹಲ್ಲಿಲ್ಲ. ಊಟ ಬಿಟ್ಟಿದೀನಾ?"

"ತಮಾಷೆ ಅಲ್ಲ ಭಾವ. ನನ್ನ ಹೆಸರಿನ ಪ್ರಶ್ನೆ."

"ನಿನ್ನ ಹೆಸರಿಗೇನಾಗುತ್ತೋ? ಕೆಡಿಸಿದ್ದು ನೀನಾ?" ಭಾವ ಗಂಟಲು ಸರಿಮಾಡಿಕೊಂಡ. ಆ ಗಂಟಲಿನಿಂದ ಅಂಥ ಮಾತು ಅವನ ವಂಶದ ಇತಿಹಾಸದಲ್ಲೇ ಹೊರಬಿದ್ದಿರಲಿಲ್ಲ; ದಾರಿ ಗೊತ್ತಿಲ್ಲದೆ ಅದು ಒಳಗೇ ಅಲೆದಾಡಿ ಬಂತು. "ಯಾರಾದ್ರೂ ಕೇಳ್ಲಿ. ಮೇಸ್ತ್ರಿ ಸರಿಯಾಗೇ ಕಟ್ಟಿದ್ದ, ದುಡಿಸು ಅಂದಿದ್ದ, ನಾನೇ ಕಂಬಳಿ ಹೊದಿಸಿ ಕೆಡಿಸ್ದೆ ಅಂತೀನಿ. ಸಂತೆಲಿ ನಿಂತು ಹೇಳ್ಬೇಕಾ? ಹೇಳ್ತೀನಿ."

ಅಕ್ಕ ಗಂಡನನ್ನು ದಿಟ್ಟಿಸಿ ನೋಡಿದಳು. "ಜ್ವರ ಗಿರ ಬಂದಿದೆಯೇನ್ರೀ?"

"ಸುಮ್ನಿರೇ. ಇಂಜಿನ್ನಿಗಾದ್ರೆ ಹೊಸ ರಿಂಗು ಸಿಗುತ್ತೆ. ಇವನ ಭುಜಕ್ಕೆ ಯಾವ ಅಂಗಡೀಲಿ ತರೋದು?"

ಮೇಸ್ತ್ರಿಗೆ ವಾದ ಮಾಡಬೇಕಿತ್ತು. ಒಂದು ಕಾಲದಲ್ಲಿ ಮಾಡುತ್ತಿದ್ದ. ಒಂದು ಹನಿ ಸೋರಿದರೂ ರಾತ್ರಿ ಹಗಲು ಒಂದು ಮಾಡಿ ಬಿಚ್ಚಿ ಕಟ್ಟುತ್ತಿದ್ದ. ಈಗ ಬಾಯಿ ತೆರೆದರೆ ಆಕಳಿಕೆ ಬಂತು. ಆ ಆಕಳಿಕೆ ಎಷ್ಟು ದೊಡ್ಡದೆಂದರೆ ಬೇಡ ಎನ್ನುವ ಮಾತು ಅದರೊಳಗೆ ಬಿದ್ದು ಕಾಣೆಯಾಯಿತು.

"ಆದ್ರೆ ದುಡಿಸ್ಬೇಕು ಭಾವ," ಎಂದ ಕೊನೆಗೆ. "ಇವತ್ತು ಬಿಟ್ರೆ ಒಗ್ಗಿರೋ ಎರಡೂ ಹೋಗ್ತಾವೆ. ಅಳುತ್ತೆ ಅಂತ ಎತ್ತೋ ಹಾಗಿಲ್ಲ."

"ಅಳ್ಲಿ. ನಾನೂ ಅಳ್ತೀನಿ. ಇಬ್ರೂ ಅಳ್ತಾ ಉಳ್ತೀವಿ, ನಿನಗೇನು?"

ಭಾವ ಸೀಟು ಹತ್ತಿದ. ಇಂಜಿನ್ನು ಸ್ಟಾರ್ಟಾಯಿತು. ನೇಗಿಲು ಇಳಿದಾಗ ಅದು ನರಳಿದ್ದು ಬದುವಿನವರೆಗೆ ಕೇಳಿಸಿತು. ಭಾವನ ಕೈ ಲಿವರಿನವರೆಗೆ ಹೋಗಿ ನಿಂತಿತು, ಎತ್ತಲಿಲ್ಲ. ಮಣ್ಣು ದಪ್ಪದಪ್ಪ ಹೆಂಟೆಯಾಗಿ ಮಗುಚಿಕೊಳ್ಳುತ್ತ ಹೋಯಿತು. ಅದರ ಮೇಲೆ ನೂಲಿನಷ್ಟು ನೀಲಿ ಹೊಗೆ, ಹರಿದು, ಮತ್ತೆ ಕೂಡಿ, ಹರಿದು.

ಮೇಸ್ತ್ರಿ ಬದುವಿನ ಮೇಲೆ ಅಕ್ಕನ ಪಕ್ಕ ಕೂತ. ಮೊದಲೆರಡು ಸಾಲು ಕಿವಿಗೊಟ್ಟು ಕೇಳಿದ. ಮುಂದಿನದು ಸರಿ. ನಡುವಿನದು ಸರಿ. ಹಿಂದಿನದನ್ನು ಕೇಳುವ ಹೊತ್ತಿಗೆ ತಲೆ ವಾಲಿತು, ಎಡಗೈಯಲ್ಲಿದ್ದ ಸ್ಪ್ಯಾನರು ಜಾರಿ ಮಣ್ಣಿಗೆ ಬಿತ್ತು.

"ಬಿತ್ತು ನೋಡೋ ನಿನ್ನದು," ಎಂದಳು ಅಕ್ಕ.

ಎತ್ತಿಕೊಳ್ಳಬೇಕಾದರೆ ಬಾಗಬೇಕಿತ್ತು.

"ಇರ್ಲಿ ಬಿಡಕ್ಕ," ಎಂದ ಮೇಸ್ತ್ರಿ, ಕಣ್ಣು ತೆರೆಯದೆ.